ನಮ್ಮ ಪೈಲವಾನ ಸೋತ ಮ್ಯಾಲೂ ಮೈದಾನ ಬಿಡಬ್ಯಾಡ್ರಿ

2023ರ ಮೇ 21ರ ರಾತ್ರಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿರಾಟ್ ಕೊಹ್ಲಿ 61 ಎಸೆತಗಳಿಗೆ 101 ರನ್ ಗಳಿಸಿ ಔಟಾಗದೆ ಉಳಿದರು. ಅಂಥ ಶತಕವೂ ಸಾಲಲಿಲ್ಲ. ಗುಜರಾತ್ ಟೈಟನ್ಸ್‌ನ ಶುಭಮನ್ ಗಿಲ್ 52 ಎಸೆತಗಳಿಗೆ 104 ಬಾರಿಸಿ, ಸಿಕ್ಸರ್ ಎತ್ತಿಯೇ ಪಂದ್ಯ ಮುಗಿಸಿದರು. ಆ ಚೆಂಡು ಬೌಂಡರಿ ದಾಟಿದ್ದೇ ತಡ, ಆರ್‌ಸಿಬಿ ಹೊರಗೆ, ಮುಂಬೈ ಇಂಡಿಯನ್ಸ್ ಪ್ಲೇಆಫ್ ಒಳಗೆ. ಅದಕ್ಕೆ ಸರಿಯಾಗಿ ಒಂದು ವರ್ಷ ಹಿಂದೆ, 2022ರ ಅದೇ ಮೇ 21ರಂದು, ಇದಕ್ಕೆ ತದ್ವಿರುದ್ಧ ನಡೆದಿತ್ತು. ಮುಂಬೈನವರು ಡೆಲ್ಲಿಯನ್ನು ಸೋಲಿಸಿ ಆರ್‌ಸಿಬಿಗೆ ಪ್ಲೇಆಫ್ ದಾರಿ ಬಿಟ್ಟುಕೊಟ್ಟಿದ್ದರು.

ರಾಜ್ಯದ ಬೇರೆ ಕಡೆ ಇದು ಪಾಯಿಂಟ್ಸ್ ಪಟ್ಟಿಯ ಲೆಕ್ಕ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದಲ್ಲಿ ಇದು ಓಣಿಯ ವಿಷಯ. ನಿಪ್ಪಾಣಿಗೆ ಬೆಂಗಳೂರಿಗಿಂತ ಮುಂಬೈ ಹತ್ತಿರ. ಕೊಲ್ಹಾಪುರವಂತೂ ಹೆದ್ದಾರಿ ಹಿಡಿದರೆ 40 ಕಿ.ಮೀ. ಆಚೆ. ಕಾಗವಾಡದವರಿಗೆ ದವಾಖಾನೆಗೂ ಮಿರಜ, ರೈಲಿಗೂ ಮಿರಜ. ಹೀಗಾಗಿ ಒಂದೇ ಮನೆಯಲ್ಲಿ ಅಣ್ಣನದು ಕೆಂಪು ಜೆರ್ಸಿ, ತಮ್ಮನದು ನೀಲಿ. ಒಬ್ಬನ ತಂಡ ಉಳಿದರೆ ಇನ್ನೊಬ್ಬನದು ಹೋಗಿರುತ್ತದೆ. ಎಷ್ಟೋ ವರ್ಷ ಇಬ್ಬರದೂ ಹೋಗಿರುತ್ತದೆ. ಆಮೇಲೆ ಕಿವಿಗೆ ಬೀಳುವ ಮಾತು ಒಂದೇ: ‘ನಮ್ಮ ಟೀಮ್ ಇಲ್ಲಂದ ಮ್ಯಾಲ ಏನ ನೋಡೂದೈತಿ ಬಿಡಪಾ.’

ಈ ಮಾತನ್ನು ನಾನು ಒಪ್ಪುವುದಿಲ್ಲ. ಪ್ಲೇಆಫ್ ಎಂದರೆ ಇಡೀ ವರ್ಷದ ಅತ್ಯುತ್ತಮ ನಾಲ್ಕು ಪಂದ್ಯಗಳು. ಐಪಿಎಲ್‌ನಲ್ಲಿ ಈಗ 10 ತಂಡ. ನಾಲ್ಕು ಮುಂದೆ ಹೋದರೆ ಆರು ತಂಡಗಳ ಅಭಿಮಾನಿಗಳು ಮನೆಯಲ್ಲಿ. ಈಗಿನ ಪ್ಲೇಆಫ್ ಪದ್ಧತಿ ಬಂದದ್ದು 2011ರಲ್ಲಿ. ಅಲ್ಲಿಂದ 2025ರವರೆಗಿನ 15 ವರ್ಷಗಳಲ್ಲಿ ಆರ್‌ಸಿಬಿ ಏಳು ಸಲ ಪ್ಲೇಆಫ್ ಕಂಡಿಲ್ಲ: 2012, 2013, 2014, 2017, 2018, 2019, 2023. ಆ ಏಳು ವರ್ಷ ಟಿವಿ ಆರಿಸಿ ಕೂತವನು ಏನೇನು ಕಳೆದುಕೊಂಡ ಎಂಬುದನ್ನು ಹೇಳುವುದಕ್ಕೇ ಈ ಬರಹ. ಅದಕ್ಕಿಂತ ಮೊದಲು ಇನ್ನೊಂದು ಮಾತು. ‘ನಮ್ಮವರಿಲ್ಲ, ಏನ ನೋಡೂದು’ ಎಂದು ಯಾರಾದರೂ ಅನ್ನಲಿ, ಈ ಐದು ತಾಲ್ಲೂಕಿನವರು ಅನ್ನಬಾರದು. ಏಕೆಂದರೆ ನಮ್ಮವರಿಲ್ಲದ ಆಟ ನೋಡುವ ವಿದ್ಯೆ ಇಲ್ಲಿನ ಮಣ್ಣಿಗೆ ಎಂದೋ ಗೊತ್ತಿದೆ. ಅದನ್ನು ಕಲಿಸಿದ್ದು ಕುಸ್ತಿ.

ಯುಗಾದಿ ದಾಟಿ ಜಾತ್ರೆಗಳ ಕಾಲ ಬಂತೆಂದರೆ ಈ ಭಾಗದಲ್ಲಿ ಕುಸ್ತಿ ಮೈದಾನ ಇರಲೇಬೇಕು. ಬಿಸಿಲು ಇಳಿಯುವ ಹೊತ್ತಿಗೆ ಹಲಗಿ ಬಡಿಯಲು ಶುರು. ಮೊದಲು ಸಣ್ಣ ಹುಡುಗರ ಕಾಯಿ ಕುಸ್ತಿ: ಗೆದ್ದವನ ಕೈಗೆ ತೆಂಗಿನಕಾಯಿ. ಆಮೇಲೆ ಹಿರಿಯರು ವಯಸ್ಸು, ತೂಕ, ತಯಾರಿ ನೋಡಿ ಜೋಡಿ ಕಟ್ಟುತ್ತಾರೆ. ಜೋಡಿ ಏರಿದಂತೆ ಇನಾಮೂ ಏರುತ್ತದೆ. ಎಲ್ಲ ಮುಗಿದ ಮೇಲೆ, ದೀಪ ಹಚ್ಚುವ ಹೊತ್ತಿಗೆ, ಒಂದನೇ ನಂಬರಿನ ಕುಸ್ತಿ. ನಮ್ಮೂರ ಪೈಲವಾನನ ಕಥೆ ಬಹಳ ಸಲ ನಡುವಿನಲ್ಲೇ ಮುಗಿದಿರುತ್ತದೆ. ಗೆದ್ದರೆ ಹೆಗಲ ಮೇಲೆ ಹೊತ್ತು ಸುತ್ತು ಹಾಕಿಸುತ್ತಾರೆ, ಸೋತರೆ ಬೆನ್ನಿನ ಮಣ್ಣು ಒರೆಸಿಕೊಂಡು ಬಂದು ಅವನೂ ಜನರ ನಡುವೆ ಕೂರುತ್ತಾನೆ. ಒಂದನೇ ನಂಬರಿಗೆ ಇಳಿಯುವವರು ಕೊಲ್ಹಾಪುರದ ತಾಲೀಮಿನವರು, ಇಲ್ಲವೇ ಪಂಜಾಬು, ಹರಿಯಾಣದವರು. ಅವರ ಹೆಸರು ಕೇಳಿದ್ದು ಕರಪತ್ರದಲ್ಲಿ, ಮುಖ ನೋಡಿದ್ದು ಆ ಸಂಜೆ. ಹಾಗೆಂದು ಮೈದಾನ ಖಾಲಿಯಾಗುವುದುಂಟೇ? ಆಗಲೇ ಇನ್ನಷ್ಟು ಜನ ಬಂದು ಒತ್ತಿ ಕೂರುತ್ತಾರೆ.

ಆಮೇಲೆ ನಡೆಯುವುದನ್ನು ಹತ್ತಿರ ಕೂತು ನೋಡಬೇಕು. ಇಬ್ಬರೂ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಾರೆ. ಒಬ್ಬನ ಕೈ ಇನ್ನೊಬ್ಬನ ಕುತ್ತಿಗೆಯ ಹಿಂದೆ, ಹಣೆಗೆ ಹಣೆ. ಐದು ನಿಮಿಷ ಏನೂ ನಡೆಯದಂತೆ ಕಾಣುತ್ತದೆ. ಆದರೆ ಬಲ್ಲವರ ಕಣ್ಣು ಕಾಲಿನ ಮೇಲೆ. ಯಾರ ಹಿಮ್ಮಡಿ ನೆಲ ಬಿಟ್ಟಿದೆ, ಯಾರು ಬಲಗಾಲು ಮುಂದಿಟ್ಟು ನಿಂತಿದ್ದಾನೆ, ಯಾರು ಉಸಿರು ಉಳಿಸಿಕೊಳ್ಳುತ್ತಿದ್ದಾನೆ. ರಾಯಬಾಗ ಕಡೆಯ ನಮ್ಮ ಕಾಕಾ ಒಬ್ಬರು ಹರೆಯದಲ್ಲಿ ತಾಲೀಮು ಮಾಡಿದವರು. ಪಕ್ಕದಲ್ಲಿ ಕೂತವರಿಗೆಲ್ಲ ಅವರದು ಒಂದೇ ಪಾಠ: ‘ಕೈ ನೋಡಬ್ಯಾಡೋ ತಮ್ಮಾ, ಕೈ ಸುಳ್ಳು ಹೇಳತಾವು. ಕಾಲ ನೋಡು.’ ಒಬ್ಬ ಕೆಳಗೆ ಕೂತ ಮೇಲೆ ಇನ್ನೊಬ್ಬ ಘಿಸ್ಸಾ ಪಟ್ಟು ಹಾಕುತ್ತಾನೋ, ಘುಟನಾ ಇಡುತ್ತಾನೋ ಎಂದು ಮೈದಾನವೆಲ್ಲ ಮೊದಲೇ ಊಹಿಸುತ್ತದೆ. ನಿಂತಲ್ಲೇ ಢಾಕ್ ಬಿತ್ತೆಂದರೆ ಕುಸ್ತಿ ಕಣ್ಣು ಮುಚ್ಚಿ ತೆಗೆಯುವುದರಲ್ಲಿ ನಿಕಾಲಿ. ಗೆದ್ದವನ ಊರು ಯಾವುದು ಎಂದು ಯಾರೂ ಕೇಳುವುದಿಲ್ಲ; ಜೇಬಿನಲ್ಲಿದ್ದ ನೋಟು ತೆಗೆದು ಅವನ ಕೈಗಿಡುತ್ತಾರೆ. ಸೋತವನು ಚೆನ್ನಾಗಿ ಕಾದಿದ್ದರೆ ಅವನಿಗೂ ಕೊಡುತ್ತಾರೆ.

ಕೊಲ್ಹಾಪುರದಲ್ಲಿ ಶಾಹು ಮಹಾರಾಜರು ಕಟ್ಟಿಸಿದ ಖಾಸಬಾಗ್ ಮೈದಾನ 1912ರಲ್ಲಿ ತೆರೆಯಿತು. ಸುತ್ತ ಮೆಟ್ಟಿಲಾಗಿ ಏರಿದ ನೆಲ, ನಡುವೆ ತಗ್ಗಿನಲ್ಲಿ ಕಣ. ಎಲ್ಲಿ ಕೂತರೂ ಪೈಲವಾನನ ಕಾಲು ಕಾಣುತ್ತದೆ. ನೋಡುಗನ ಕಣ್ಣಿಗೆ ಇಷ್ಟು ಮರ್ಯಾದೆ ಕೊಟ್ಟ ಕಟ್ಟಡ ನನಗೆ ಬೇರೆ ಕಂಡಿಲ್ಲ. ಆ ಕೊಲ್ಹಾಪುರದಲ್ಲಿ ಪಳಗಿ 1959ರಲ್ಲಿ ಪಂಜಾಬಿನ ಬಂತಾ ಸಿಂಗರನ್ನು ಸೋಲಿಸಿ ಮೊದಲ ಹಿಂದ್ ಕೇಸರಿಯಾದ ಶ್ರೀಪತಿ ಖಂಚನಾಳೆ ಹುಟ್ಟಿದ್ದು ಚಿಕ್ಕೋಡಿ ತಾಲ್ಲೂಕಿನ ಯಕ್ಸಂಬಾದಲ್ಲಿ. ಅವರು 2020ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಗಡಿಯ ಎರಡೂ ಕಡೆಯವರು ‘ನಮ್ಮ ಪೈಲವಾನ’ ಎಂದೇ ದುಃಖಪಟ್ಟರು. ನಮ್ಮವರು ಯಾರು, ಅವರವರು ಯಾರು ಎಂಬ ಗೆರೆ ಇಲ್ಲಿ ಎಂದೂ ಗಟ್ಟಿಯಾಗಿರಲಿಲ್ಲ. ಅಂಥ ನೆಲದವರು ಟಿವಿ ಮುಂದೆ ಕೂತಾಗ ಮಾತ್ರ ಅಷ್ಟು ಗಟ್ಟಿಯಾಗುವುದು ಯಾಕೆ?

ಪ್ಲೇಆಫ್‌ನ ಕಟ್ಟುಪಾಡು ತಿಳಿದರೆ ರುಚಿ ಹೆಚ್ಚುತ್ತದೆ. ಲೀಗ್‌ನ ಮೊದಲ ಎರಡು ಸ್ಥಾನದವರು ಒಂದನೇ ಕ್ವಾಲಿಫೈಯರ್ ಆಡುತ್ತಾರೆ. ಗೆದ್ದವರು ನೇರ ಫೈನಲ್‌ಗೆ. ಮೂರು, ನಾಲ್ಕನೆಯವರದು ಎಲಿಮಿನೇಟರ್. ಸೋತವರು ಅಲ್ಲಿಗೇ ಗಂಟು ಕಟ್ಟಬೇಕು. ಒಂದನೇ ಕ್ವಾಲಿಫೈಯರ್ ಸೋತವರಿಗೆ ಇನ್ನೊಂದು ಅವಕಾಶ. ಅವರು ಎಲಿಮಿನೇಟರ್ ಗೆದ್ದವರ ಜೊತೆ ಸೆಣಸಿ ಫೈನಲ್ ತಲುಪಬಹುದು. ಆಸ್ಟ್ರೇಲಿಯಾದ ವಿಕ್ಟೋರಿಯಾ ಫುಟ್‌ಬಾಲ್ ಲೀಗ್ 1931ರಲ್ಲಿ ಇಂಥದ್ದೇ ಕ್ರಮ ತಂದಿತ್ತು. ಪರ್ಸಿ ಪೇಜ್ ಎಂಬವರ ಹೆಸರಿನಿಂದ ಅದನ್ನು ಇಂದಿಗೂ ಪೇಜ್ ಪದ್ಧತಿ ಎನ್ನುತ್ತಾರೆ. ಎರಡು ತಿಂಗಳ ದುಡಿಮೆಗೆ ಒಂದು ಕೆಟ್ಟ ರಾತ್ರಿಯಿಂದ ಪೆಟ್ಟು ಬೀಳಬಾರದು ಎಂಬುದು ಇದರ ನ್ಯಾಯ. ನ್ಯಾಯ ನಡೆದೂ ಇದೆ. 2011ರಿಂದ 2025ರವರೆಗಿನ 15 ಕಪ್‌ಗಳಲ್ಲಿ 14 ಮೊದಲೆರಡು ಸ್ಥಾನದವರ ಪಾಲಾಗಿವೆ. ಎಲಿಮಿನೇಟರ್‌ನಿಂದ ಹತ್ತಿ ಬಂದು ಗೆದ್ದದ್ದು 2016ರ ಸನ್‌ರೈಸರ್ಸ್ ಹೈದರಾಬಾದ್ ಮಾತ್ರ. ಫೈನಲ್‌ನಲ್ಲಿ 8 ರನ್‌ಗಳಿಂದ ಸೋತವರು ಯಾರು ಎಂದು ಆರ್‌ಸಿಬಿಯವರಿಗೆ ನೆನಪಿಸಬೇಕಿಲ್ಲ. ಆದ್ದರಿಂದ ಯಾರ ಪರವೂ ಇಲ್ಲದ ನೋಡುಗನಿಗೆ ಎಲಿಮಿನೇಟರ್‌ನಷ್ಟು ಸೊಗಸಾದ ಪಂದ್ಯ ಇನ್ನೊಂದಿಲ್ಲ. ಅಲ್ಲಿ ಎರಡೂ ತಂಡಗಳ ಬೆನ್ನು ಗೋಡೆಗೆ ತಾಗಿರುತ್ತದೆ.

ಇನ್ನು ಕಳೆದುಕೊಂಡದ್ದರ ಮಾತು. 2014ರಲ್ಲಿ ಆರ್‌ಸಿಬಿ ಏಳನೇ ಸ್ಥಾನಕ್ಕೆ ಕುಸಿದಿತ್ತು. ಆ ವರ್ಷದ ಫೈನಲ್ ನಡೆದದ್ದು ಮಾತ್ರ ನಮ್ಮ ಚಿನ್ನಸ್ವಾಮಿಯಲ್ಲೇ, ಜೂನ್ 1ರಂದು. ಕಣದಲ್ಲಿ ಕೋಲ್ಕತ್ತಾ ಮತ್ತು ಪಂಜಾಬ್. ಪಂಜಾಬಿನ ವೃದ್ಧಿಮಾನ್ ಸಹಾ ಅಜೇಯ 115 ಹೊಡೆದು ತಂಡವನ್ನು 199ಕ್ಕೆ ಮುಟ್ಟಿಸಿದರು. ಫೈನಲ್‌ನಲ್ಲಿ 200 ಬೆನ್ನಟ್ಟುವುದೆಂದರೆ ಹುಡುಗಾಟವಲ್ಲ. ಆಗ ಕೋಲ್ಕತ್ತಾ ಪರ ನಿಂತು 50 ಎಸೆತಗಳಿಗೆ 94 ಬಾರಿಸಿದವರು ಕರ್ನಾಟಕದ ಮನೀಶ್ ಪಾಂಡೆ. ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲ ಭಾರತೀಯರೂ ಅವರೇ. ಅದು 2009ರಲ್ಲಿ, ಆರ್‌ಸಿಬಿ ಜೆರ್ಸಿಯಲ್ಲಿ. 2014ರ ಆ ಟೂರ್ನಿಯಲ್ಲಿ 660 ರನ್ ಗಳಿಸಿ ಕಿತ್ತಳೆ ಟೋಪಿ ತೊಟ್ಟವರು ಅದೇ ಕೋಲ್ಕತ್ತಾದ ರಾಬಿನ್ ಉತ್ತಪ್ಪ. ಮೂರು ಎಸೆತ ಬಾಕಿ ಇರುವಾಗ ಪಿಯೂಷ್ ಚಾವ್ಲಾ ಬೌಂಡರಿ ಬಾರಿಸಿ ಮೂರು ವಿಕೆಟ್‌ಗಳಿಂದ ಗೆಲ್ಲಿಸಿದರು. ಕನ್ನಡದ ಇಬ್ಬರು ಹುಡುಗರು ಕನ್ನಡದ ನೆಲದಲ್ಲಿ ಕಪ್ ಎತ್ತಿದ ರಾತ್ರಿ ಅದು. ‘ನಮ್ಮ ಟೀಮ್ ಇಲ್ಲ’ ಎಂದು ಮಲಗಿದವರಿಗೆ ಅದು ಬೆಳಿಗ್ಗೆ ಪೇಪರಿನಲ್ಲಷ್ಟೇ ಸಿಕ್ಕಿತು. ತಂಡ ಹೋದರೂ ನಮ್ಮ ಆಟಗಾರರು ಹೋಗಿರುವುದಿಲ್ಲ. ಹರಾಜು ಅವರನ್ನು ದೇಶದ ತುಂಬ ಹಂಚಿರುತ್ತದೆ. 2025ರಲ್ಲಿ 25 ವಿಕೆಟ್ ಕಿತ್ತು ನೇರಳೆ ಟೋಪಿ ಗೆದ್ದ ಪ್ರಸಿದ್ಧ ಕೃಷ್ಣ ಆಡಿದ್ದು ಗುಜರಾತಿಗೆ.

ಮತ್ತೆ 2023ಕ್ಕೆ ಬರೋಣ. ಆರ್‌ಸಿಬಿ ಹೋದ ಮೂರನೇ ದಿನಕ್ಕೆ, ಮೇ 24ರಂದು, ಚೆನ್ನೈನಲ್ಲಿ ಮುಂಬೈ ಮತ್ತು ಲಖನೌ ನಡುವೆ ಎಲಿಮಿನೇಟರ್. ಆಕಾಶ್ ಮಧ್ವಾಲ್ ಎಂಬ ಉತ್ತರಾಖಂಡದ ಹುಡುಗ 5 ರನ್ ಕೊಟ್ಟು 5 ವಿಕೆಟ್ ತೆಗೆದ. ಎಂಜಿನಿಯರಿಂಗ್ ಓದಿ, ಟೆನಿಸ್ ಬಾಲ್ ಕ್ರಿಕೆಟ್ ಆಡುತ್ತ ಬಂದವನು. ಬೇಸಿಗೆ ರಜೆಯಲ್ಲಿ ನಮ್ಮ ಊರೂರಲ್ಲಿ ಹೊಲದ ಅಂಚಿನ ಬಯಲಿನಲ್ಲಿ ನಡೆಯುವ ಟೆನಿಸ್ ಬಾಲ್ ಟೂರ್ನಿಗಳಲ್ಲಿ ಆಡುವ ಹುಡುಗರಿಗೆ ಆ ರಾತ್ರಿ ಅವನು ಯಾವ ತಂಡದವನು ಎಂಬ ಮಾತು ಬೇಕಾಗಿಯೇ ಇರಲಿಲ್ಲ.

ಆ ವರ್ಷದ ಫೈನಲ್ ಕಥೆ ಇನ್ನೂ ದೊಡ್ಡದು. ಮೇ 28ರಂದು ಅಹಮದಾಬಾದಿನಲ್ಲಿ ಮಳೆ ಬಂದು ಪಂದ್ಯ ಮರುದಿನಕ್ಕೆ ಹೋಯಿತು. ಮರುದಿನ ಸಾಯಿ ಸುದರ್ಶನ್ 47 ಎಸೆತಗಳಿಗೆ 96 ಹೊಡೆದು ಗುಜರಾತನ್ನು 214ಕ್ಕೆ ಒಯ್ದರು. ಚೆನ್ನೈ ಮೂರು ಎಸೆತ ಆಡುವಷ್ಟರಲ್ಲಿ ಮತ್ತೆ ಮಳೆ. ನಡುರಾತ್ರಿ ದಾಟಿದ ಮೇಲೆ ಆಟ ಮುಂದುವರಿದಾಗ ಗುರಿ 15 ಓವರ್‌ಗಳಲ್ಲಿ 171. ಕೊನೆಯ ಓವರಿಗೆ 13 ರನ್ ಬೇಕು. ಚೆಂಡು ಮೋಹಿತ್ ಶರ್ಮಾ ಕೈಯಲ್ಲಿ. 2014ರಲ್ಲಿ ನೇರಳೆ ಟೋಪಿ ತೊಟ್ಟಿದ್ದ ಬೌಲರ್ ಈತ. ಆಮೇಲೆ ಯಾರೂ ಕೇಳುವವರಿಲ್ಲದಾಗಿ 2022ರಲ್ಲಿ ಇದೇ ಗುಜರಾತಿಗೆ ನೆಟ್ ಬೌಲರ್ ಆಗಿದ್ದರು. ಸ್ವಲ್ಪ ಮೊದಲು ರಾಯುಡು, ಧೋನಿ ಇಬ್ಬರನ್ನೂ ಸತತ ಎರಡು ಎಸೆತಗಳಲ್ಲಿ ಔಟ್ ಮಾಡಿದ್ದರು.

ಆ ಓವರನ್ನು ಕುಸ್ತಿಯ ಕಣ್ಣಿನಿಂದ ನೋಡಬೇಕು. ಮೊದಲ ನಾಲ್ಕು ಎಸೆತ ಬ್ಯಾಟರ್ ಕಾಲಿನ ಬುಡಕ್ಕೆ. ಬಂದದ್ದು ಬರೀ ಮೂರು ರನ್. ಯಾರ್ಕರ್ ಹಾಕುವವನಿಗೆ ಅಂಗೈ ಅಗಲದ ಜಾಗವಷ್ಟೇ ಇರುತ್ತದೆ. ಚೆಂಡು ಒಂದು ಗೇಣು ಹಿಂದೆ ಬಿದ್ದರೆ ಬ್ಯಾಟು ಅದರಡಿ ನುಗ್ಗುತ್ತದೆ, ನೆಲ ಮುಟ್ಟದೆ ಬಂದರೆ ಫುಲ್‌ಟಾಸ್. ಉಳಿದದ್ದು ಎರಡು ಎಸೆತ, 10 ರನ್. ಮೈದಾನದ ನಡುವೆ ನಿಂತು ಮಾತುಕತೆಯಾಯಿತು, ನೀರು ಬಂತು, ಲಯಕ್ಕೆ ಬಿದ್ದಿದ್ದ ಬೌಲರ್ ಕಾಯಬೇಕಾಯಿತು. ಐದನೇ ಎಸೆತ ಆ ಗೇಣಿನಷ್ಟು ಹಿಂದೆ ಬಿತ್ತು. ರವೀಂದ್ರ ಜಡೇಜ ಅದನ್ನು ನೇರವಾಗಿ ಎತ್ತಿ ಸಿಕ್ಸರ್ ಮಾಡಿದರು. ಆರನೆಯದು ಕಾಲಿನ ಕಡೆಗೆ ಜಾರಿತು. ಬ್ಯಾಟು ತಾಗಿಸಿದರು, ಫೈನ್ ಲೆಗ್‌ಗೆ ಬೌಂಡರಿ. ಗಡಿಯಾರದಲ್ಲಿ ಒಂದೂವರೆ ದಾಟಿತ್ತು, ತಾರೀಖು 30 ಆಗಿತ್ತು. ಚೆನ್ನೈ ಗೆದ್ದಿತು ಎಂಬುದು ಸುದ್ದಿ. ಆದರೆ ಪಕ್ಷವಿಲ್ಲದೆ ಕೂತವನ ಕಣ್ಣಿಗೆ ಬಿದ್ದದ್ದು ಒಬ್ಬ ಮುಳುಗಿ ಎದ್ದ ಬೌಲರ್ ನಾಲ್ಕು ಸಲ ಸರಿಯಾಗಿ ಹಾಕಿದ ಪಟ್ಟು, ಮತ್ತು ಐದನೇ ಸಲ ಹಿಮ್ಮಡಿ ಎದ್ದದ್ದು. ಚೆನ್ನೈ ಅಭಿಮಾನಿ ಆ ಹೊತ್ತಿಗೆ ಕಣ್ಣು ಮುಚ್ಚಿ ದೇವರಿಗೆ ಕೈ ಮುಗಿಯುತ್ತಿದ್ದ, ಗುಜರಾತಿನವನೂ ಅಷ್ಟೇ. ಸ್ವಂತ ತಂಡ ಆಡುವಾಗ ನಾವು ನೋಡುವುದು ಸ್ಕೋರ್ ಬೋರ್ಡು. ಫೀಲ್ಡರನ್ನು ಎಲ್ಲಿ ನಿಲ್ಲಿಸಿದ್ದಾರೆ, ಯಾವ ಬೌಲರನ ಓವರ್ ಯಾಕೆ ಉಳಿಸಿಕೊಂಡಿದ್ದಾರೆ, ಬ್ಯಾಟರ್ ಕ್ರೀಸಿನಲ್ಲಿ ಎಷ್ಟು ಒಳಗೆ ನಿಂತಿದ್ದಾನೆ, ಇದೆಲ್ಲ ಕಾಣುವುದಕ್ಕೆ ಎದೆಬಡಿತ ತುಸು ತಣ್ಣಗಿರಬೇಕು.

ಹಾಗೆಂದು ಕಲ್ಲಿನಂತೆ ಕೂರಬೇಕಿಲ್ಲ. ಒಂದು ಸಂಜೆಯ ಮಟ್ಟಿಗೆ ಒಂದು ಪಕ್ಷ ಹಿಡಿಯಬಹುದು, ಅದರಲ್ಲಿ ತಪ್ಪೇನಿಲ್ಲ. ನಮ್ಮ ಕಾಕಾ ಮೈದಾನದಲ್ಲಿ ಯಾವಾಗಲೂ ತೂಕದಲ್ಲಿ ಕಡಿಮೆ ಇದ್ದವನ ಪರ. ಕ್ರಿಕೆಟ್‌ನಲ್ಲೂ ಹಾಗೇ, ಕಪ್ ಗೆಲ್ಲದ ತಂಡದ ಪರ. ಇನ್ನು ಕೆಲವರದು ಬೇರೆ ದಾರಿ: ನಮ್ಮದು ಹೋಯಿತು, ಚೆನ್ನೈ ಒಂದು ಸೋತರೆ ಸಾಕು. ಆ ದಾರಿ ನನಗೆ ಸೇರುವುದಿಲ್ಲ. ಒಬ್ಬರು ಸೋಲಲಿ ಎಂದು ಕೂತವನಿಗೆ ಒಳ್ಳೆಯ ಹೊಡೆತ ಕಂಡರೂ ಬಾಯಿಂದ ‘ವಾಹ್’ ಬರುವುದಿಲ್ಲ, ಮೂರು ಗಂಟೆ ಹೊಟ್ಟೆಯುರಿಯಲ್ಲೇ ಹೋಗುತ್ತದೆ.

ಇನ್ನೊಂದನ್ನು ನೇರವಾಗಿ ಹೇಳುತ್ತೇನೆ. ತಂಡ ಇಲ್ಲದಾಗ ಪಂದ್ಯಕ್ಕೆ ಕಾವು ತರಲು ದುಡ್ಡು ಕಟ್ಟುವವರಿದ್ದಾರೆ. ಆಟ ನೋಡುವ ಕಣ್ಣನ್ನೇ ಕುರುಡು ಮಾಡುವ ಚಾಳಿ ಅದು. ದುಡ್ಡು ಕಟ್ಟಿದವನಿಗೆ ಯಾರ್ಕರ್ ಕಾಣುವುದಿಲ್ಲ, ತನ್ನ ಸಾಲ ಕಾಣುತ್ತದೆ. ಕಬ್ಬಿನ ಬಿಲ್ಲು ಬಂದ ತಿಂಗಳಲ್ಲೇ ಅದನ್ನು ಮೊಬೈಲಿನಲ್ಲಿ ಕಳೆದ ಮನೆಗಳ ಸಂಕಟ ಈ ಭಾಗಕ್ಕೆ ಹೊಸದಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ 2025ರ ಆಗಸ್ಟಿನಲ್ಲಿ ಸಂಸತ್ತು ಕಾಯ್ದೆ ಮಾಡಿತು. ಕಾಯ್ದೆಯ ಕೈ ಎಲ್ಲಿಯವರೆಗೆ ಮುಟ್ಟುತ್ತದೋ, ಮನೆಯ ಹಿರಿಯರ ಕಣ್ಣು ಅದಕ್ಕಿಂತ ಮುಂದೆ ಹೋಗಬೇಕು.

ಸ್ವಂತ ತಂಡ ಹೊರಬೀಳುವುದು ನಮ್ಮ ಕಷ್ಟ ಮಾತ್ರವಲ್ಲ. ಅಮೆರಿಕದ ಬೇಸ್‌ಬಾಲ್‌ನಲ್ಲಿ 30 ತಂಡ, ಅಕ್ಟೋಬರಿನ ಪ್ಲೇಆಫ್‌ಗೆ 12. ಉಳಿದ 18 ತಂಡಗಳ ಅಭಿಮಾನಿಗಳು, ಅವರಲ್ಲಿ ಅಲ್ಲಿ ನೆಲೆಸಿದ ಕನ್ನಡದ ಮನೆಗಳೂ ಸೇರಿ, ಬೇರೆಯವರ ಆಟವನ್ನೇ ನೋಡಬೇಕು. 2025ರ ವಿಶ್ವ ಸರಣಿಯಲ್ಲಿ ಲಾಸ್ ಏಂಜಲಿಸ್ ಮತ್ತು ಟೊರಾಂಟೊ ನಡುವಿನ ಮೂರನೇ ಪಂದ್ಯ ಒಂಬತ್ತು ಇನಿಂಗ್ಸ್‌ಗೆ ಮುಗಿಯದೆ 18ಕ್ಕೆ ಎಳೆಯಿತು, ಆರೂವರೆ ಗಂಟೆ ದಾಟಿತು. ಕೊನೆಗೆ ಫ್ರೆಡ್ಡಿ ಫ್ರೀಮನ್ ಹೊಡೆದ ಒಂದು ಹೋಮ್ ರನ್ ಅದನ್ನು ಮುಗಿಸಿತು. ಸರಣಿ ಏಳನೇ ಪಂದ್ಯದವರೆಗೆ ಹೋಗಿ, ಅಲ್ಲಿಯೂ 11 ಇನಿಂಗ್ಸ್ ಆಡಿ ಇತ್ಯರ್ಥವಾಯಿತು. ಆ ಸರಣಿಯಲ್ಲಿ ಇಲ್ಲದ ತಂಡಗಳು 28.

ನಮ್ಮ ತಂಡ ಹೊರಬಿದ್ದರೆ ಕಬಡ್ಡಿಯಲ್ಲಿ ನನ್ನ ಉಪಾಯ ಒಬ್ಬ ಆಟಗಾರನ ಬೆನ್ನು ಹತ್ತುವುದು. ಬೆಂಗಳೂರು ಬುಲ್ಸ್ 2019ರ ಜನವರಿಯಲ್ಲಿ ಪವನ್ ಸೆಹ್ರಾವತ್ ಫೈನಲ್‌ನಲ್ಲಿ ತಂದ 22 ಪಾಯಿಂಟ್‌ಗಳ ಬಲದಿಂದ ಪ್ರೊ ಕಬಡ್ಡಿ ಗೆದ್ದಿತು. ಆದರೆ 2024ರ ಟೂರ್ನಿಯಲ್ಲಿ 22 ಪಂದ್ಯಗಳಲ್ಲಿ ಎರಡೇ ಗೆದ್ದು ಕೊನೆಯ ಸ್ಥಾನಕ್ಕೆ ಬಿತ್ತು. ಆಗ ಕಣ್ಣಿಟ್ಟದ್ದು ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿ ಮೇಲೆ. 2024ರ ಮಾರ್ಚಿನಲ್ಲಿ ಅವರು ಪುಣೇರಿ ಪಲ್ಟನ್ ಜೊತೆ ಕಪ್ ಗೆದ್ದಿದ್ದರು. ಅದೇ ಡಿಸೆಂಬರಿನಲ್ಲಿ ಹರಿಯಾಣ ಸ್ಟೀಲರ್ಸ್ ಜೊತೆ ಮತ್ತೆ ಗೆದ್ದರು. ಎಡ ಮೂಲೆಯಲ್ಲಿ ಬಾಗಿ ನಿಂತು ರೈಡರನ ಕಣಕಾಲಿಗೆ ಹೊಂಚುವ ಆ ಮನುಷ್ಯ ಯಾವ ಜೆರ್ಸಿ ತೊಟ್ಟರೂ ನೋಡುವಂಥದ್ದೇ.

ಕೊನೆಗೆ ನಮ್ಮ ಮನೆಯಂಗಳದ ಮಾತು. ಕರ್ನಾಟಕ ಪ್ರೀಮಿಯರ್ ಲೀಗ್ (ಕೆಪಿಎಲ್) ಇದ್ದಾಗ ನಮಗೆ ಬೆಳಗಾವಿ ಪ್ಯಾಂಥರ್ಸ್ ಇತ್ತು, 2017ರಲ್ಲಿ ಕಪ್ ಕೂಡ ಗೆದ್ದಿತ್ತು. 2022ರಲ್ಲಿ ಶುರುವಾದ ಮಹಾರಾಜ ಟ್ರೋಫಿಯಲ್ಲಿ ಆರು ತಂಡಗಳಿವೆ: ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಶಿವಮೊಗ್ಗ, ಕಲಬುರಗಿ. ಬೆಳಗಾವಿ ಇಲ್ಲ. ಮೊದಲ ನಾಲ್ಕು ವರ್ಷ ಕಲಬುರಗಿ, ಹುಬ್ಬಳ್ಳಿ, ಮೈಸೂರು, ಮಂಗಳೂರು ಸರದಿಯಂತೆ ಗೆದ್ದವು. ಬೆಳಗಾವಿಯ ಆಟೋನಗರದಲ್ಲಿ ಕೆಎಸ್‌ಸಿಎದ್ದೇ ಕ್ರೀಡಾಂಗಣವಿರುವಾಗ, ರಾಜ್ಯದ ದೊಡ್ಡ ಜಿಲ್ಲೆಗಳಲ್ಲೊಂದಕ್ಕೆ ತಂಡವಿಲ್ಲದಿರುವುದು ಸರಿಯಲ್ಲ. ಚಿಕ್ಕೋಡಿ, ಅಥಣಿಯ ಹುಡುಗರಿಗೆ ಏರುವ ಮೆಟ್ಟಿಲು ಬೇಕು, ಅದನ್ನು ಕೇಳಲೇಬೇಕು. ಕೇಳುತ್ತಲೇ ಆಗಸ್ಟಿನಲ್ಲಿ ಹುಬ್ಬಳ್ಳಿ–ಮೈಸೂರು ಪಂದ್ಯವನ್ನೂ ನೋಡಬೇಕು. ಮುಂದಿನ ರಣಜಿ ಋತುವಿನಲ್ಲಿ ಕರ್ನಾಟಕದ ಪರ ಯಾರು ಹೊಸ ಚೆಂಡು ಹಿಡಿಯಬಹುದು ಎಂಬುದರ ಸುಳಿವು ಅಲ್ಲೇ ಸಿಗುತ್ತದೆ.